ನ್ಯಾಯಾಂಗ ಬಂಧನದಲ್ಲಿರುವವನಿಗೆ ಮಾನಸಿಕ ಚಿಕಿತ್ಸೆ ಮುಂದುವರಿಸುವುದು ಹೇಗೆ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ನನ್ನ ಅಣ್ಣನ ಮಗ ಆರು ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದು, ತಕ್ಕಮಟ್ಟಿಗೆ ಚೆನ್ನಾಗಿಯೇ ಇದ್ದ. ಈ ಮಳೆಗಾಲದಲ್ಲಿ ಎರಡು ವಾರ ಮಾತ್ರೆ ತಪ್ಪಿತು. ಬೇಲಿಯ ವಿಷಯಕ್ಕೆ ಪಕ್ಕದ ತೋಟದವರ ಮೇಲೆ ಕೈ ಮಾಡಿ ಈಗ ಬಂಧನದಲ್ಲಿದ್ದಾನೆ. ನೆನೆಯದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದ ವೈದ್ಯರ ಚೀಟಿಯನ್ನು ಬಾಗಿಲಲ್ಲಿದ್ದ ಸಿಬ್ಬಂದಿ ಓದಿ, ಮಾತ್ರೆಗಳ ಜೊತೆಗೇ ನನಗೆ ಹಿಂದಿರುಗಿಸಿದರು. ಹೊರಗಿನ ಔಷಧಿಯನ್ನು ಒಳಗೆ ಬಿಡದಿರುವುದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಅವನಿಗೆ ಮಾತ್ರೆ ಸಿಗುವಂತೆ ಮಾಡುವುದು ಹೇಗೆ?

ಉತ್ತರ: ವಕೀಲೆ, ಸಾಗರ

ಕಾರಾಗೃಹದ ವೈದ್ಯಾಧಿಕಾರಿಯವರ ಹೆಸರಿಗೆ ಅರ್ಜಿ ಬರೆದು, ಚೀಟಿಯ ನಕಲನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಅದೇ ಅರ್ಜಿಯನ್ನು ನಿಮ್ಮ ವಕೀಲರ ಮೂಲಕ ನ್ಯಾಯಾಲಯಕ್ಕೂ ಸಲ್ಲಿಸಿ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ, ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಇರಬೇಕೆಂದು ಹೇಳುತ್ತದೆ. 27ನೇ ಕಲಮಿನಡಿ ಉಚಿತ ಕಾನೂನು ನೆರವೂ ಅವನ ಹಕ್ಕು.

ತನ್ನ ಪರವಾಗಿ ವಾದಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿಲ್ಲವೆಂದು ಕಂಡುಬಂದರೆ ವಿಚಾರಣೆಯನ್ನು ಮುಂದೂಡಲು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಂಗಳು ಅವಕಾಶ ಕೊಡುತ್ತವೆ. ಆದರೆ ಮುಂದೂಡಿಕೆ ಕೇಳುವಾಗ 369ನೇ ಕಲಮಿನಡಿ ಚಿಕಿತ್ಸೆಗಾಗಿ ಬಿಡುಗಡೆಯನ್ನೂ ಜೊತೆಗೇ ಕೇಳಬೇಕು. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧಿತರಾಗಿ, ವಿಚಾರಣೆಯೇ ನಡೆಯದೆ, 2005ರಲ್ಲಿ ಹೊರಬಂದದ್ದನ್ನು ನಾವು ವಕೀಲರು ಮರೆಯಬಾರದು.

ಉತ್ತರ: ನಿವೃತ್ತ ಶುಶ್ರೂಷಾಧಿಕಾರಿ, ಶಿವಮೊಗ್ಗ

ಕಾರಾಗೃಹಗಳಲ್ಲಿ ಮಾನಸಿಕ ಚಿಕಿತ್ಸೆಯನ್ನು ವಿಸ್ತರಿಸಬೇಕು ಎಂದೊಡನೆ ಹೊಸ ವಾರ್ಡಿನ ಮಾತೇ ಬರುತ್ತದೆ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿದ ನಿಮ್ಹಾನ್ಸ್ ತಂಡದ 2011ರ ವರದಿಯಲ್ಲಿ, ವ್ಯಸನಗಳನ್ನು ಬಿಟ್ಟು ಎಣಿಸಿದರೂ 27.6 ಶೇಕಡಾ ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಇಷ್ಟು ಜನರನ್ನು ಯಾವ ವಾರ್ಡಿನಲ್ಲಿ ಮಲಗಿಸುತ್ತೀರಿ? ನನ್ನ ಅನುಭವದಲ್ಲಿ ಚಿಕಿತ್ಸೆಯ ಎಳೆ ಕಡಿಯುವುದು ಒಳಗೆ ಹೋಗುವ ದಿನ ಮತ್ತು ಹೊರಗೆ ಬರುವ ದಿನ. ಒಳಗೆ ಹೋದದ್ದರಿಂದ ಕುಡಿತ ಹಠಾತ್ತನೆ ನಿಂತವನು ಮೂರನೆಯ ದಿನ ಕೈ ನಡುಗುತ್ತಾ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಆರಿಸತೊಡಗಿದರೆ ಅದನ್ನು ನಾಟಕವೆಂದುಕೊಳ್ಳುವವರಿದ್ದಾರೆ. ಅದು ಜೀವಕ್ಕೇ ಅಪಾಯ. ಇನ್ನು ಜಾಮೀನು ಸಿಕ್ಕಿ ಸಂಜೆ ಹೊರಬಿದ್ದವನು ಹೊಸನಗರದ ಕೊನೆಯ ಬಸ್ಸು ಹಿಡಿಯುವಾಗ ಅವನ ಜೇಬಿನಲ್ಲಿ ಹದಿನೈದು ದಿನದ ಮಾತ್ರೆಯೂ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಬರೆದ ಚೀಟಿಯೂ ಇರಬೇಕು. ಈ ನಡುವೆ ಮನೆಯವರಿಗೆ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹೋದ ವರ್ಷ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದ್ದರಿಂದ ನನ್ನ ಬಳಿ ಎರಡು ಚೀಟಿಗಳಿವೆ. ಯಾವುದನ್ನು ಕೊಡಲಿ?

ಉತ್ತರ: ನಿವೃತ್ತ ಶುಶ್ರೂಷಾಧಿಕಾರಿ, ಶಿವಮೊಗ್ಗ

ಎರಡನ್ನೂ ಕೊಡಿ, ಹೊಸದನ್ನು ಮೇಲಿಡಿ. ಕೊನೆಯ ಮಾತ್ರೆ ನುಂಗಿದ ದಿನಾಂಕವನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಒಳಗಿನ ವೈದ್ಯರು ಮೊದಲು ಕೇಳುವುದು ಅದನ್ನೇ.