ಅಮ್ಮನ ಮಂಡಿ ಶಸ್ತ್ರಚಿಕಿತ್ಸೆ: ಕಿವಿಗೆ ಯಾವ ಹಾಡು ಹಾಕಲಿ?

ಪ್ರಶ್ನೆ – ಹುಬ್ಬಳ್ಳಿಯ ಮಗಳು
ಮುಂದಿನ ವಾರ ಅಮ್ಮನಿಗೆ ಮಂಡಿ ಕೀಲು ಬದಲಿಸುತ್ತಾರೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದರಿಂದ ಎಚ್ಚರವಾಗಿಯೇ ಇರುತ್ತಾರಂತೆ. ಅಮ್ಮನಿಗೆ ನೋವಿನ ಭಯವಿಲ್ಲ. ಒಳಗೆ ಗರಗಸ, ಸುತ್ತಿಗೆಯ ಸದ್ದು ಕೇಳಿಸುತ್ತದೆ ಎಂದು ಪಕ್ಕದ ಮನೆಯವರು ಹೇಳಿದಂದಿನಿಂದ ನಿದ್ದೆ ಹತ್ತುತ್ತಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಲು ಅರಿವಳಿಕೆ ತಜ್ಞರು ಒಪ್ಪಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ‘ಇಂಥ ಕಾಯಿಲೆಗೆ ಇಂಥ ರಾಗ’ ಎಂಬ ಪಟ್ಟಿ ಬಂದಿದೆ. ನಂಬಬಹುದೇ? ಅಮ್ಮ ದಿನವೂ ಕೇಳುವುದು ಭೀಮಸೇನ ಜೋಶಿಯವರ ದಾಸರ ಪದಗಳನ್ನು.

ಉತ್ತರ – ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್
ಪಟ್ಟಿಯನ್ನು ಪಕ್ಕಕ್ಕಿಡಿ ತಂಗಿ, ಜೋಶಿಯವರೇ ಇರಲಿ. ಬಾಯಿಪಾಠವಾದ ಪದವಾದರೆ ಮನಸ್ಸು ಮುಂದಿನ ಸಾಲಿಗೆ ಕಾಯುತ್ತಿರುತ್ತದೆ, ಬೇರೆ ಸದ್ದಿನ ಹಿಂದೆ ಹೋಗುವುದು ಕಡಿಮೆ. ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2013ರ ವಿಮರ್ಶೆ 26 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಶಸ್ತ್ರಚಿಕಿತ್ಸೆಗೆ ಮೊದಲು ಸಂಗೀತ ಕೇಳಿದರೆ ಆತಂಕ ಇಳಿಯಬಹುದು ಎಂದಿದೆ. ಹಾಗಾಗಿ ಹೊರಗೆ ಗಾಲಿಮಂಚದ ಮೇಲೆ ಕಾಯುವಾಗಲೇ ಹಾಡು ಶುರುವಾಗಲಿ. ತೆಳು ಹಸಿರು ಗೌನು, ಎಸಿಯ ಚಳಿ. ಕನ್ನಡಕವನ್ನೂ ತೆಗೆಸಿರುತ್ತಾರೆ, ಕಾಣುವುದು ಚಾವಣಿಯ ದೀಪವಷ್ಟೇ. ಕೈ ನಡುಗುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಅಲ್ಲೇ.

ಹಾಡುಗಳನ್ನು ಫೋನಿಗೆ ಇಳಿಸಿಕೊಂಡು ಫ್ಲೈಟ್ ಮೋಡ್‌ನಲ್ಲಿಡಿ. ನಡುವೆ ಜಾಹೀರಾತು ಕಿರುಚಿದಾಗ ರೋಗಿಯ ರಕ್ತದೊತ್ತಡ ಏರಿದ್ದನ್ನು ನೋಡಿದ್ದೇನೆ. ವೈದ್ಯರು ಕರೆದರೆ ಕೇಳುವಷ್ಟೇ ಸದ್ದಿರಲಿ. ಸುತ್ತಿಗೆಯ ಪೆಟ್ಟು ಪೂರ್ತಿ ಮುಚ್ಚಿಹೋಗುವುದಿಲ್ಲ, ಮೈ ಅಲುಗುವುದೂ ತಿಳಿಯುತ್ತದೆ. ಅದನ್ನು ಅಮ್ಮನಿಗೆ ಮೊದಲೇ ಹೇಳಿಬಿಡಿ.

ಉತ್ತರ – ಧಾರವಾಡದ ಸಂಗೀತ ಶಿಕ್ಷಕ
ರಾಗಕ್ಕೆ ಸಮಯವಿದೆ, ರಸವಿದೆ. ಮಂಡಿಗೊಂದು ರಾಗ ಎಂದು ನನ್ನ ಗುರುಗಳು ಹೇಳಿಕೊಡಲಿಲ್ಲ. ನಿದ್ದೆ ಬಾರದ ಈ ರಾತ್ರಿಗಳಲ್ಲಿ ಅಮ್ಮನಿಂದ ಹಾಡಿಸಿ. ತಂಬೂರಿ ಆ್ಯಪ್ ಹಚ್ಚಿ, ಅವರಿಗೆ ಸಲೀಸಾದ ಶ್ರುತಿಯಲ್ಲಿ ಷಡ್ಜ, ಅಂದರೆ ‘ಸ’ ಸ್ವರ ಹಿಡಿದು, ಉಸಿರು ಮುಗಿಯುವ ತನಕ ಎಳೆಯಲಿ. ಗಂಟಲಿಗೆ ಬಲ ಹಾಕುವುದು ಬೇಡ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ದೀರ್ಘ ಸ್ವರವೆಂದರೆ ದೀರ್ಘವಾಗಿ ಉಸಿರು ಬಿಡುವುದೇ. 2001ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಮಂತ್ರ, ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು.

ಉತ್ತರ – ಶಿರಸಿಯಿಂದ
ಪದಗಳನ್ನು ಅಮ್ಮನೇ ಆರಿಸಲಿ. ನಮ್ಮ ಅತ್ತೆಗೆ ದಾಸರ ಪದವೆಂದರೆ ಪ್ರಾಣ, ಆದರೆ ಮಾವ ತೀರಿಕೊಂಡ ದಿನ ಹಾಡಿದ್ದ ಒಂದು ಪದ ಕೇಳಿದರೆ ಇಂದಿಗೂ ಎದ್ದು ಒಳಗೆ ಹೋಗುತ್ತಾರೆ.

ಪ್ರಶ್ನೆ ಕೇಳಿದವರು
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಎರಡು ಪದ ಬೇಡವೆಂದರು, ಉಳಿದವನ್ನು ತಾವೇ ಸಾಲಾಗಿ ಹೇಳಿ ಬರೆಸಿದರು. ಅಕ್ಕಾ, ಬಲಗಿವಿಗೆ ಶ್ರವಣ ಸಾಧನವಿದೆ. ಅದರ ಮೇಲೆಯೇ ಹೆಡ್‌ಫೋನ್ ಹಾಕಬಹುದೇ?

ನರ್ಸ್
ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ತೆಗೆದುಕೊಂಡು ಇವತ್ತೇ ಮನೆಯಲ್ಲಿ ಹಾಕಿ ನೋಡಿ. ಕೀಂ ಎಂದು ಶಬ್ದ ಬಂದರೆ ಸಾಧನ ತೆಗೆದು ಕೇಳಿಸಿ. ಒಳಗೆ ಅದು ಕಿವಿಯಲ್ಲಿರಬಹುದೇ ಎಂಬುದನ್ನು ಅರಿವಳಿಕೆ ತಜ್ಞರನ್ನೇ ಕೇಳಿ, ಫೈಲಿನಲ್ಲಿ ಬರೆಸಿಡಿ.