ಮಾತ್ರೆ ತಪ್ಪಿಸಿದ್ದಕ್ಕೇ ಗರ್ಭ ಹೋಯಿತಾ?

ಪ್ರಶ್ನೆ (ಸಿಂಧನೂರಿನ ಸದಸ್ಯೆ): ನಮಸ್ಕಾರ ಮೇಡಂ. ನನಗೆ 26 ವರ್ಷ. ಹೋದ ತಿಂಗಳು ಗರ್ಭ ಇಳಿದು ಹೋಯಿತು. ಇದು ಎರಡನೇ ಸಲ. ಆರನೇ ವಾರದಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಒಂಬತ್ತನೇ ವಾರದಲ್ಲಿ ಮದುವೆಗೆಂದು ಮಾನ್ವಿಗೆ ಹೋದಾಗ ಮಾತ್ರೆ ಮನೆಯಲ್ಲೇ ಮರೆತೆ. ಎರಡು ದಿನ ತಪ್ಪಿತು. ಬಂದ ಮರುದಿನವೇ ರಕ್ತ ಕಂಡಿತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬೆಳವಣಿಗೆ ಆರು ವಾರ ಎರಡು ದಿನದಷ್ಟು, ಎದೆಬಡಿತ ಇಲ್ಲ’ ಎಂದಿದೆ. ಪ್ರೊಜೆಸ್ಟರಾನ್ ಕೂಡ ಕಡಿಮೆ ಬಂದಿದೆ. ಬಸ್ಸಿನ ಕುಲುಕಾಟದಿಂದ ಆಯಿತು ಅಂತ ಅತ್ತೆ ಅನ್ನುತ್ತಾರೆ. ನನಗೆ ಮಾತ್ರೆಯದೇ ಕೊರಗು. ನಾನೇ ಕೈಯಾರೆ ಕಳೆದುಕೊಂಡೆನಾ?

ಡಾಕ್ಟರ ಉತ್ತರ: ಇಲ್ಲ ತಂಗಿ. ನಿಮ್ಮ ರಿಪೋರ್ಟೇ ಅದನ್ನು ಹೇಳುತ್ತಿದೆ. ಬೆಳವಣಿಗೆ ಆರನೇ ವಾರದ ಆಚೀಚೆ ನಿಂತಿದೆ. ನೀವು ಮಾತ್ರೆ ಮರೆತದ್ದು ಒಂಬತ್ತನೇ ವಾರದಲ್ಲಿ. ನೀವು ಬಸ್ ಹತ್ತುವ ಮೊದಲೇ ಆಗಬಾರದ್ದು ಆಗಿಹೋಗಿತ್ತು. ರಕ್ತ ಮಾತ್ರ ತಡವಾಗಿ ಕಂಡಿತು. ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಹಾಗಾದರೆ ಪ್ರೊಜೆಸ್ಟರಾನ್ ಕಡಿಮೆ ಯಾಕೆ ಬಂತು? ಅಂಡ ಹೊರಬಂದ ಜಾಗದಲ್ಲಿ ಹಳದಿ ಬಣ್ಣದ ಸಣ್ಣ ಗಂಟೊಂದು ಉಳಿಯುತ್ತದೆ. ಕಾರ್ಪಸ್ ಲೂಟಿಯಂ ಅಂತಾರೆ. ಮೊದಲ ವಾರಗಳಲ್ಲಿ ಪ್ರೊಜೆಸ್ಟರಾನ್ ಬರುವುದು ಅಲ್ಲಿಂದ. ಗರ್ಭಕೋಶದ ಒಳಪದರವನ್ನು ಹಿಡಿದಿಡುವುದು ಅದರ ಕೆಲಸ. ಈ ಗಂಟು ಬಾಡದಂತೆ ನೋಡಿಕೊಳ್ಳುವುದು ಎಚ್‌ಸಿಜಿ ಎಂಬ ಇನ್ನೊಂದು ಹಾರ್ಮೋನ್. ಮನೆಯಲ್ಲಿ ಕಿಟ್ ಮೇಲೆ ಎರಡು ಗೆರೆ ಮೂಡಿಸುವುದೂ ಅದೇ. ಅದು ಬರುವುದು ಬೆಳೆಯುತ್ತಿರುವ ಗರ್ಭದ ಕಡೆಯಿಂದ. ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ ಪ್ರೊಜೆಸ್ಟರಾನ್ ತಯಾರಿಸುವ ಕೆಲಸವನ್ನು ಮಾಸು ನಿಧಾನವಾಗಿ ವಹಿಸಿಕೊಳ್ಳುತ್ತದೆ.

ಗರ್ಭದ ಬೆಳವಣಿಗೆ ನಿಂತರೆ ಎಚ್‌ಸಿಜಿ ಇಳಿಯುತ್ತದೆ. ಅದರ ಹಿಂದೆ ಪ್ರೊಜೆಸ್ಟರಾನ್ ಇಳಿಯುತ್ತದೆ. ನಿಮ್ಮ ಕಡೆ ಭತ್ತ ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಬೇರು ಕೊಳೆತರೆ ಎಲೆ ಹಳದಿಯಾಗುತ್ತದೆ. ಎಲೆ ಹಳದಿಯಾಯಿತು ಅಂತ ಬೇರು ಕೊಳೆಯುವುದಿಲ್ಲ, ಅಲ್ವಾ?

ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಲೆಕ್ಕ ತಪ್ಪಿರುವುದು. ಅದು ಗರ್ಭ ಕಟ್ಟುವ ಹೊತ್ತಿಗೇ ಆದ ತಪ್ಪು. ಯಾವ ಮಾತ್ರೆಯೂ ಅದನ್ನು ಸರಿ ಮಾಡುವುದಿಲ್ಲ. ಬಸ್ಸು, ಮದುವೆ ಓಡಾಟ ಇದಕ್ಕೆ ಕಾರಣ ಅಲ್ಲವೇ ಅಲ್ಲ. ಹಾಸಿಗೆ ಹಿಡಿದು ಮಲಗಿದರೂ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಪ್ರಶ್ನೆ (ಲಿಂಗಸೂಗೂರಿನಿಂದ): ನನಗೆ ಥೈರಾಯ್ಡ್ ಇದೆ. ಅದರಿಂದಲೂ ಹೀಗಾಗುತ್ತದಾ ಮೇಡಂ?

ಉತ್ತರ: ಹತೋಟಿಯಲ್ಲಿಲ್ಲದಿದ್ದರೆ ಹೌದು, ಅಪಾಯ ಜಾಸ್ತಿ. ಸಕ್ಕರೆ ಕಾಯಿಲೆಯೂ ಹಾಗೇ. ಮೊದಲ ಮೂರು ತಿಂಗಳು ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಗರ್ಭಿಣಿ ಅಂತ ಗೊತ್ತಾದ ದಿನವೇ ನಿಮ್ಮ ಡಾಕ್ಟರಿಗೆ ತಿಳಿಸಿ. ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಮಾತ್ರೆ ಖಾಲಿ ಹೊಟ್ಟೆಗೆ ನುಂಗಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಮೂರನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುವವರನ್ನು ದಿನಾ ನೋಡುತ್ತೇನೆ. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಪ್ರಶ್ನೆ (ಸಿಂಧನೂರಿನ ಸದಸ್ಯೆ ಮತ್ತೆ): ಓದಿ ಅತ್ತುಬಿಟ್ಟೆ ಮೇಡಂ. ಮುಂದಿನ ಸಲ ಪ್ರೊಜೆಸ್ಟರಾನ್ ಬೇಡವಾ?

ಉತ್ತರ: ಸುಮ್ನೆ ಎಲ್ಲರಿಗೂ ಬೇಡ. ಕೆಲವರಿಗೆ ಉಪಯೋಗ ಇದೆ. ಬ್ರಿಟನ್ನಿನಲ್ಲಿ ಗರ್ಭದ ಆರಂಭದಲ್ಲಿ ರಕ್ತ ಕಂಡ 4153 ಹೆಂಗಸರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಹೊರಬಂತು. ಪ್ರೊಜೆಸ್ಟರಾನ್ ತೆಗೆದುಕೊಂಡವರಲ್ಲಿ 75 ಶೇಕಡಾ, ಉಳಿದವರಲ್ಲಿ 72 ಶೇಕಡಾ ಹೆರಿಗೆಯಾಯಿತು. ಹೆಚ್ಚು ವ್ಯತ್ಯಾಸ ಇಲ್ಲ. ಆದರೆ ಮೊದಲೇ ಮೂರು ಅಥವಾ ಹೆಚ್ಚು ಸಲ ಗರ್ಭ ಹೋಗಿದ್ದವರಲ್ಲಿ ಅದು 72 ಮತ್ತು 57. ಇದು ಸಣ್ಣದಲ್ಲ. ಹಿಂದೆ ಗರ್ಭ ಹೋಗಿದ್ದು, ಈಗಲೂ ರಕ್ತ ಕಂಡರೆ ಯೋನಿಯಲ್ಲಿ ಇಡುವ ಪ್ರೊಜೆಸ್ಟರಾನ್ ಕೊಡಬಹುದು ಅಂತ 2021ರಿಂದ ಅಲ್ಲಿನ ಮಾರ್ಗಸೂಚಿಯಲ್ಲಿದೆ. ನಿಮಗೆ ಎರಡು ಸಲ ಆಗಿದೆ. ಹಾಗಾಗಿ ಮುಂದಿನ ಸಲ ರಕ್ತ ಕಂಡರೆ ಖಂಡಿತ ಕೇಳಿ.

ಅದಕ್ಕೂ ಮೊದಲು ಥೈರಾಯ್ಡ್, ಸಕ್ಕರೆ, ಆಂಟಿಫಾಸ್ಫೋಲಿಪಿಡ್ ರಕ್ತ ಪರೀಕ್ಷೆ (ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳಿವೆಯೇ ಅಂತ ನೋಡುವುದು), ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್ ಮಾಡಿಸಿಕೊಳ್ಳಿ. ಫೋಲಿಕ್ ಆ್ಯಸಿಡ್ ಈಗಲೇ ಶುರು ಮಾಡಿ.

ಇನ್ನೊಂದು ಮಾತು, ಎಲ್ಲರಿಗೂ. ಗರ್ಭ ಒಳಗೇ ಇದೆಯೋ, ನಳಿಕೆಯಲ್ಲಿ ಸಿಕ್ಕಿಕೊಂಡಿದೆಯೋ ಸ್ಕ್ಯಾನ್‌ನಲ್ಲಿ ಖಾತ್ರಿಯಾಗದೆ ರಕ್ತ ನಿಲ್ಲಲಿ ಅಂತ ಅಂಗಡಿಯಿಂದ ಹಾರ್ಮೋನ್ ಮಾತ್ರೆ ತಂದು ನುಂಗಬೇಡಿ. ಒಂದು ಪಕ್ಕ ಜೋರು ನೋವು, ಕಣ್ಣು ಕತ್ತಲೆ, ಭುಜದ ತುದಿಯಲ್ಲಿ ನೋವು ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.