ಕಪ್ಪು ಫ್ರೇಮ್‌ಗೆ ಬೆಳ್ಳಿ ಸಿಲಿಂಡರ್: ಯಾವ ಫಿನಿಶ್ ಒಪ್ಪುತ್ತೆ?

ಪ್ರಶ್ನೆ (ಹ್ಯೂಸ್ಟನ್‌ನಿಂದ)
ನನ್ನದು ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ರಿವಾಲ್ವರ್, ನಾಲ್ಕು ಇಂಚಿನ ಬ್ಯಾರಲ್, ಹಳೇ ಬ್ಲೂಯಿಂಗ್ (ಉಕ್ಕಿನ ಮೇಲಿನ ಕಪ್ಪು ಫಿನಿಶ್). ಸಿಲಿಂಡರ್ (ಗುಂಡು ತುಂಬೋ, ತಿರುಗೋ ಭಾಗ) ಸವೆದಿತ್ತು, ಗನ್‌ಸ್ಮಿತ್ ಹತ್ರ ಇದರದ್ದೇ ಸ್ಟೇನ್‌ಲೆಸ್ ರೂಪವಾದ ಮಾಡೆಲ್ 64ರ ಸಿಲಿಂಡರ್ ಕೂರಿಸಿಕೊಂಡೆ. ಬೀಟೆ ಮರದ ಹಿಡಿ ನಾನೇ ಉಜ್ಜಿ ಎಣ್ಣೆ ಹಚ್ಚಿದ್ದು, ಅದರ ಮೇಲೆ ತುಂಬಾ ಪ್ರೀತಿ. ಆದ್ರೆ ಎರಡು ಬಣ್ಣ ಕಣ್ಣಿಗೆ ಚುಚ್ಚುತ್ತೆ. ಇಲ್ಲಿನ ಸೆಕೆಗೆ ಬೆವರು ತಾಗಿ ಟ್ರಿಗರ್ ಗಾರ್ಡ್ ಮುಂದೆ ಕಂದು ಚುಕ್ಕೆನೂ ಎದ್ದಿದೆ. ಸಿಲಿಂಡರ್ ಕಪ್ಪು ಮಾಡಿಸಲಾ, ಫ್ರೇಮ್ ಬೆಳ್ಳಗೆ ಮಾಡಿಸಲಾ?

ಉತ್ತರ 1
ಸಿಲಿಂಡರ್ ಮುಟ್ಟಬೇಡಿ. ಬ್ಲೂಯಿಂಗ್ ಅಂದ್ರೆ ಕಬ್ಬಿಣದ ಮೇಲೇ ಹುಟ್ಟಿಸೋ ಕಪ್ಪು ಆಕ್ಸೈಡ್ ಪದರ. ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪಿನ ದ್ರಾವಣದಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸ್ತಾರೆ. ಕ್ರೋಮಿಯಂ ಇರೋ ಸ್ಟೇನ್‌ಲೆಸ್ ಆ ತೊಟ್ಟಿಯಲ್ಲಿ ಸರಿಯಾಗಿ ಬಣ್ಣ ಹಿಡಿಯಲ್ಲ.

ಉತ್ತರ 2
ಫ್ರೇಮು, ಬ್ಯಾರಲ್‌ಗೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪ) ಮಾಡಿಸಿ. ನಿಕಲ್ ಲೇಪದಲ್ಲಿ ಸಣ್ಣಗೆ ಹಳದಿ ಛಾಯೆ ಇರುತ್ತೆ, ಸ್ಟೇನ್‌ಲೆಸ್ ಪಕ್ಕ ಇಟ್ಟರೆ ಗೊತ್ತಾಗಿಬಿಡುತ್ತೆ. ಲೇಪ ಮಾಡೋರಿಗೆ ಮೊದಲೇ ಹೇಳಿ: ಜಾಸ್ತಿ ಪಾಲಿಶ್ ಬೇಡ, ಅಕ್ಷರಗಳ ಅಂಚು ಕರಗಿಹೋಗುತ್ತೆ. ನನ್ನ ಒಂದು ಗನ್‌ನಲ್ಲಿ ಹಾಗೇ ಆಯ್ತು, ಕಂಪನಿ ಮುದ್ರೆ ಓದಕ್ಕೇ ಆಗಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಹ್ಯಾಮರ್, ಟ್ರಿಗರ್‌ಗೆ ಲೇಪ ಬೇಡವೇ ಬೇಡ. ಅವು ಒಂದಕ್ಕೊಂದು ಕೂರೋ ಅಂಚು ದಪ್ಪ ಆಗಬಾರದು, ಕೇಸ್ ಹಾರ್ಡನಿಂಗ್‌ನ (ಉಕ್ಕಿನ ಮೇಲ್ಮೈ ಗಟ್ಟಿ ಮಾಡೋ ವಿಧಾನ) ಆ ಬೂದು-ಕಂದು ಮೋಡದಂಥ ಬಣ್ಣ ಬೀಟೆ ಪಕ್ಕ ಬಲು ಚಂದ.

ಪ್ರಶ್ನೆ ಕೇಳಿದವರು
ಹಾರ್ಡ್ ಕ್ರೋಮೇ ಸರಿ. ಸಿಲಿಂಡರನ್ನೂ ಜೊತೆಗೇ ಕಳಿಸಲಾ?

ಉತ್ತರ 2
ಕಳಿಸಿ, ಲೇಪಕ್ಕಲ್ಲ, ಹೋಲಿಸಿ ನೋಡಕ್ಕೆ. ಫ್ರೇಮ್‌ಗೆ ಬೀಡ್ ಬ್ಲಾಸ್ಟ್ (ಸಣ್ಣ ಮಣಿ ರಭಸದಿಂದ ಚಿಮ್ಮಿಸಿ ಹೊಳಪು ಮಂಕು ಮಾಡೋದು) ಎಷ್ಟು ನುಣುಪಾಗಿರಬೇಕು ಅಂತ ಅದನ್ನ ನೋಡಿಯೇ ನಿರ್ಧರಿಸ್ತಾರೆ.